ತಿಳಿನೀರನ್ನು ನಂಬಿ ಕೆಟ್ಟೆ

ಕರಾವಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, 2016ರಲ್ಲಿ, ಪ್ರಯೋಗಾಲಯದ ಮೂಲೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಪುಟ್ಟದೊಂದು ಕಡಲು ಮಾಡಿದ್ದೆವು. ಹವಳ ಇರಲಿಲ್ಲ. ನಮ್ಮ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ನಿಜ. ಆದರೆ 2001ರಿಂದ ಹುಲಿಗಿರುವ ಕಾನೂನಿನ ರಕ್ಷಣೆಯೇ ಅದಕ್ಕೂ ಇದೆ. ಬಂಡೆಗಳ ನಡುವಿನ ಗುಂಡಿಯಿಂದ ತಂದ ಬೆರಳುದ್ದದ ಆರು ಮೀನು, ಶಂಖ ಹೊತ್ತು ತಿರುಗುವ ಎರಡು ಏಡಿ, ಅಷ್ಟೆ. ನೀರಿನ ಪಾಠ ಮಾತ್ರ ಹವಳದ ತೊಟ್ಟಿಗೂ ಇದಕ್ಕೂ ಒಂದೇ.

ಉಸ್ತುವಾರಿ ಒಂಬತ್ತನೇ ತರಗತಿಯ ಹುಡುಗನದು, ಮೀನುಗಾರರ ಮನೆಯವನು. ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಕಡಲ ನೀರನ್ನೇ ಸುರಿಯಹೊರಟವನನ್ನು ತಡೆದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಬಾವಿಯ ಸಿಹಿನೀರು ಹಾಕು ಎಂದೆ. "ಸಾರು ಬತ್ತಿದರೆ ಅಮ್ಮ ನೀರೇ ಹಾಕ್ತಾಳಲ್ಲ ಸರ್, ಹಾಗೆ" ಎಂದ. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಪಾಲಕರ ಸಭೆ ಬಂತು. ಫಿಲ್ಟರಿನ ಸ್ಪಂಜು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ನೋಡಿದವರು ಏನೆಂದಾರು! ಹಿಂದಿನ ಸಂಜೆ ನಾನೇ ಅದನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿ ಹಿಂಡಿ ತೊಳೆದೆ. ನಲ್ಲಿಯ ನೀರಿನಲ್ಲಿ ಅಂದು ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಳದ ಮರಳನ್ನೂ ಬಿಡಲಿಲ್ಲ. ಮರುದಿನ ತೊಟ್ಟಿ ಫಳಫಳ ಹೊಳೆಯಿತು. ಎಲ್ಲರೂ ಮೆಚ್ಚಿದರು.

ಮೂರನೆಯ ದಿನ ನಾಲ್ಕು ಮೀನು ಸತ್ತು ತೇಲುತ್ತಿದ್ದವು. ಉಳಿದೆರಡು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ತಿನಿಸು ಹೆಚ್ಚು ಹಾಕಿದ್ದೀಯ ಎಂದು ಹುಡುಗನನ್ನು ತರಗತಿಯ ಎದುರೇ ಬೈದೆ. ತಲೆತಗ್ಗಿಸಿ ನಿಂತ, ಇಲ್ಲ ಸರ್ ಎಂದೂ ಅನ್ನಲಿಲ್ಲ.

ಸಂಜೆ ಅಮೋನಿಯಾ ಪರೀಕ್ಷಿಸಿದೆ. ಹಳದಿಯಾಗಿ ಉಳಿಯಬೇಕಿದ್ದ ನೀರು ಕಡುಹಸಿರಾಯಿತು. ಆಗ ಹೊಳೆಯಿತು: ನಾನು ಕೊಳೆಯೆಂದು ತೊಳೆದದ್ದೇ ನಿಜವಾದ ಫಿಲ್ಟರು. ಮೀನು ಹೊರಬಿಡುವ ಅಮೋನಿಯಾವನ್ನು ಆ ಲೋಳೆಯಲ್ಲಿನ ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ವಿಷ ಬಹಳ ಕಡಿಮೆ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಕಡಲ ನೀರು ಪ್ರತ್ಯಾಮ್ಲೀಯ, ಪಿಎಚ್ ಸುಮಾರು 8.2. ಅದರಲ್ಲಿ ಅಮೋನಿಯಾ ಇನ್ನಷ್ಟು ಘಾತಕ. ಹವಳದ ತೊಟ್ಟಿಗಳಲ್ಲಿ ಈ ಕೆಲಸ ಹೆಚ್ಚಾಗಿ ತೂತುತೂತಾದ ಕಲ್ಲುಗಳೊಳಗೆ ನಡೆಯುತ್ತದೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ, ಅಂಥ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆ ಇದ್ದರೆ ಸಾಕೆಂದು ಬರೆದಿದ್ದರು. ನಾನೋ, ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಸಾರಜನಕ ಚಕ್ರದ ಬಾಣಗಳನ್ನು ಎಳೆಯುತ್ತಿದ್ದವನು!

ಮರುದಿನ ಅದೇ ತರಗತಿಯಲ್ಲಿ, ತಪ್ಪು ನನ್ನದೆಂದು ಹೇಳಿದೆ. ಹುಡುಗ ಕಿಟಕಿಯ ಕಡೆ ನೋಡುತ್ತಿದ್ದ. ಉಳಿದ ಮೀನು, ಏಡಿಗಳನ್ನು ಅವನೇ ಕೊಡಪಾನದಲ್ಲಿ ಒಯ್ದು ಕಡಲಿಗೆ ಬಿಟ್ಟು ಬಂದ.

ಹೊಸ ಬ್ಯಾಕ್ಟೀರಿಯಾ ಬೇರೂರಲು ಆರು ವಾರ ಖಾಲಿ ತೊಟ್ಟಿಗೆ ಚಿಟಿಕೆ ತಿನಿಸು ಹಾಕುತ್ತ ಕಾದೆವು. ಮತ್ತೆ ಸ್ಪಂಜು ಕಟ್ಟಿಕೊಂಡಾಗ ನಾನು ಕೈಚಾಚಿದೆ. "ಬೇಡ ಸರ್, ನಾನೇ ತೊಳೀತೇನೆ" ಎಂದವನು, ತೊಟ್ಟಿಯ ನೀರನ್ನೇ ಬಕೆಟಿಗೆ ತೆಗೆದು, ಅದರಲ್ಲಿ ಒಂದೇ ಸಲ ಮೆತ್ತಗೆ ಅದ್ದಿ ತೆಗೆದ.