ಪದ್ಮಿನಿಯ ತುಕ್ಕು, ಕುಂದಾಪುರದ ಗಾಳಿ

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ನನ್ನ ಸೀಟಿನ ಕೆಳಗಿದ್ದ ಐದು ಲೀಟರಿನ ಕ್ಯಾನ್ ನೋಡಿ ಎದುರಿನ ಹಿರಿಯರು ಕೇಳಿಯೇ ಬಿಟ್ರು, "ಎಂತ ಮಾರಾಯ್ರೆ ಅದು, ಜೇನಾ?"

"ಕಾಕಂಬಿ" ಅಂದೆ.

"ದನಕ್ಕಾ?"

"ಇಲ್ಲ, ಕಾರಿಗೆ."

ಕುಂದಾಪುರ ಬರುವವರೆಗೂ ಅವರು ಮತ್ತೆ ಮಾತಾಡಲಿಲ್ಲ.

ಕಾರು ಅಂದ್ರೆ ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿ. 1986ರದ್ದು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. 2023ರ ಅಕ್ಟೋಬರ್ ಕೊನೆಗೆ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ಸುದ್ದಿ ಬಂತಲ್ಲ, ಅವತ್ತು ಅಪ್ಪಯ್ಯ ಫೋನ್ ಮಾಡಿ "ನಮ್ಮದನ್ನೂ ಗುಜರಿಗೆ ಕೊಡುವ" ಅಂದ್ರು. ಕೊಡುವ ಮನಸ್ಸಿಲ್ಲ ಅಂತ ಧ್ವನಿಯಲ್ಲೇ ಗೊತ್ತಾಗ್ತಿತ್ತು. ಬೆಂಗಳೂರಿನ ಒಂದು ಗ್ಯಾರೇಜ್‌ನಲ್ಲಿ ವಿಚಾರಿಸಿದೆ. ಹಳೇ ಬಣ್ಣ, ತುಕ್ಕು ತೆಗೆಯುವುದಕ್ಕೇ 80 ಸಾವಿರ. ಕಾರನ್ನು ಅಲ್ಲಿಗೆ ಸಾಗಿಸುವ ಖರ್ಚು ಬೇರೆ. ನನ್ನ ಇಎಂಐಗಳ ಮಧ್ಯೆ ಅದು ಆಗುವ ಮಾತಲ್ಲ.

ಹಾಗಾಗಿ ಊರಲ್ಲೇ, ಹೆದ್ದಾರಿ 66ರ ಪಕ್ಕದ ಒಂದು ಟಿಂಕರಿಂಗ್ ಶೆಡ್ಡು. ಅರ್ಧ ಹಂಚು, ಅರ್ಧ ಶೀಟು. ಆಚೆ ಕಡೆ ಪಂಚಗಂಗಾವಳಿ, ಅದರಾಚೆ ಗಂಗೊಳ್ಳಿಯ ದೋಣಿಗಳು. ಗಾಳಿ ಬಂದ್ರೆ ಮೀನು ಮತ್ತು ತಿನ್ನರ್ ಎರಡೂ ಒಟ್ಟಿಗೆ ಮೂಗಿಗೆ ಬರುತ್ತೆ. ಟಿಂಕರ್ ಅಣ್ಣನಿಗೆ ಅರವತ್ತು ದಾಟಿದೆ. ಕಾರಿನ ಸುತ್ತ ಒಂದು ರೌಂಡ್ ಹಾಕಿ, ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಅಲ್ಲಲ್ಲಿ ಹಿಡಿದು ನೋಡಿದ್ರು. ಅದು ಅಂಟಿಕೊಂಡ ಕಡೆ ಹಾಳೆ, ಜಾರಿದ ಕಡೆ ಪುಟ್ಟಿ. ಹಳೇ ಕಾರು ಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಂಡ್ರೆ ಸಾಕು, ಮೋಸ ಹೋಗುವುದು ಅರ್ಧ ತಪ್ಪುತ್ತೆ.

"ಇಡೀ ಕಾರ್ ಒಟ್ಟಿಗೆ ಕೆರೀಬೇಡಿ. ಒಂದೊಂದೇ ಮಾಡುವ" ಅಂದ್ರು. ಕೆರೆಯುವ ಕೂಲಿ ನನ್ನದು, ವೆಲ್ಡಿಂಗ್ ಮತ್ತು ಬೈಗುಳ ಅವರದು, ದಿನದ ಲೆಕ್ಕದಲ್ಲಿ ಸಂಬಳ.

ಅವರ ಮಾತು ಯಾಕೆ ಅಂತ ಮೊದಲ ವಾರವೇ ಗೊತ್ತಾಯ್ತು. ಶನಿವಾರ ಬಾನೆಟ್ ಬಿಚ್ಚಿ, ಪೇಂಟ್ ರಿಮೂವರ್ ಬಳಿದು, ಒಣಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತು. ಪಟ್ಟಿಯಿಂದ ಕೆರೆದು, ತಿನ್ನರ್ ಹಚ್ಚಿ ಒರೆಸಿದ್ರೆ ಕೆಳಗೆ ಬೆಳ್ಳಿಯಂಥ ಹಾಳೆ. ಸಂಜೆ ಖುಷಿಯಲ್ಲಿ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ ಮರವಂತೆಗೆ ಹೋದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ, ಕೈಯಲ್ಲಿ ಚುರುಮುರಿ. ಭಾನುವಾರ ಬೆಳಗ್ಗೆ ಬಂದು ನೋಡಿದ್ರೆ ಬಾನೆಟ್ ಮೇಲೆ ಕಾಫಿ ಚೆಲ್ಲಿ ಒಣಗಿದ ಹಾಗೆ ಕಂದು ಪೊರೆ. ಒಂದೇ ರಾತ್ರಿ! ಕರಾವಳಿಯ ಉಪ್ಪುಗಾಳಿಗೆ ಬೆತ್ತಲೆ ಕಬ್ಬಿಣ ಸಿಕ್ಕರೆ ಅಷ್ಟೇ ಸಾಕು.

ಅಲ್ಲಿಂದ ಮುಂದೆ ನಿಯಮ ಒಂದೇ: ಬೆಳಗ್ಗೆ ಕೆರೆದದ್ದಕ್ಕೆ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಷ್ಟು ಆಗದಿದ್ರೆ ಕೆರೆಯಲೇ ಬಾರದು. ಪ್ರೈಮರ್‌ಗೆ ಮುಂಚೆ ಬೆರಳು ತಾಗಿದ ಕಡೆಯೂ ಮತ್ತೆ ಒರೆಸಬೇಕು, ಕೈಬೆವರೂ ಉಪ್ಪೇ ತಾನೇ. ನಾವು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಶನಿವಾರಗಳನ್ನೇ ಆರಿಸಿಕೊಂಡದ್ದೂ ಇದಕ್ಕೇ.

ರಿಮೂವರ್ ವಿಷಯದಲ್ಲಿ ಇನ್ನೊಂದು. ಹಾಳೆಗಳು ಸೇರುವ ಸಂದಿಗೆ ಅದು ಇಳಿಯಬಾರದು. ಇಳಿದ್ರೆ ಒಳಗೇ ಕೂತು, ಹೊಸ ಬಣ್ಣ ಹೊಡೆದ ಮೇಲೆ ಗುಳ್ಳೆ ಎಬ್ಬಿಸುತ್ತೆ. ಸಂದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಲ್ಲಿ ಮಾತ್ರ ಕೈಯಲ್ಲೇ ವಾಟರ್ ಪೇಪರ್ ಉಜ್ಜಿದೆವು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ಧೂಳು ಕುಡಿಯಬೇಡಿ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಒಂದೇ ಕಡೆ ಒತ್ತಿ ಹಿಡಿದ್ರೆ ಹಾಳೆ ಬಿಸಿಯಾಗಿ ಅಲೆಅಲೆ ಆಗುತ್ತೆ. ನಾನು ಟಾಪ್ ಮೇಲೆ ಹಾಗೆ ಮಾಡಲು ಹೋಗಿ ಬೈಸಿಕೊಂಡೆ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದ್ದು ಚಕ್ರದ ರಿಮ್ಮುಗಳಿಗೆ ಮಾತ್ರ, ಬೈಕಂಪಾಡಿಯಲ್ಲಿ. ಬಾಗಿಲು, ಬಾನೆಟ್ಟಿನಂಥ ತೆಳು ಹಾಳೆಗೆ ಜೋರಾಗಿ ಮರಳು ಹೊಡೆದ್ರೆ ಸೊಟ್ಟಗಾಗುತ್ತೆ. ಬಾಗಿಲಿನ ಹಿಂಜ್, ಬ್ರಾಕೆಟ್, ಬೋಲ್ಟುಗಳಂಥ ಸಣ್ಣಪುಟ್ಟದ್ದಕ್ಕೇ ಕಾಕಂಬಿ. ಮಂಡ್ಯದ ಸಹೋದ್ಯೋಗಿ ಊರಿನ ಹಿಂಡಿ ಅಂಗಡಿಯಿಂದ ತಂದುಕೊಟ್ಟಿದ್ದ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದು ಪ್ಲಾಸ್ಟಿಕ್ ಡ್ರಮ್ಮು, ಗ್ರೀಸ್ ಒರೆಸಿದ ಸಾಮಾನು. ಎರಡು ವಾರ ಮುಳುಗಿಸಿಟ್ಟು ಬೆಂಗಳೂರಿಗೆ ಹೋಗಿಬಿಡಿ. ಅದರಲ್ಲಿರುವ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತವೆ, ಗಟ್ಟಿ ಲೋಹಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ, ಅದನ್ನು ತಿಂದುಬಿಡುತ್ತೆ. ವಾಸನೆ? ಹುಳಿಬಂದ ಕಳ್ಳಿನ ಹಾಗೆ. ಶೆಡ್ಡಿನ ಹುಡುಗರು ಡ್ರಮ್ ಮೇಲೆ ಸೀಮೆಸುಣ್ಣದಲ್ಲಿ "ಬಾರ್" ಅಂತ ಬರೆದಿದ್ರು.

ಐದನೇ ಶನಿವಾರ ಹಿಂದಿನ ಎಡ ಬಾಗಿಲು. ಅಯಸ್ಕಾಂತ ಜಾರಿದ್ದು ಅಲ್ಲೇ. ಬಿಳಿ ಬಣ್ಣ, ಅದರ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಹೆಬ್ಬೆರಳು ದಪ್ಪ ಪುಟ್ಟಿ. ಪುಟ್ಟಿ ಒಡೆದು ತೆಗೆದ್ರೆ ಒಳಗೆ ಮೊಣಕೈಯಷ್ಟು ಉದ್ದದ ಗುಂಡಿ, ಸುತ್ತ ಸುತ್ತಿಗೆಯ ಗುರುತು. ಈ ಕಾರಿಗೆ ಒಂದು ಗೀರೂ ಬಿದ್ದಿಲ್ಲ ಅಂತ ಅಪ್ಪಯ್ಯ ಜೀವಮಾನವಿಡೀ ಹೇಳಿಕೊಂಡು ಬಂದವರು.

ಟಿಂಕರ್ ಅಣ್ಣ ಬಗ್ಗಿ ನೋಡಿದ್ರು. "ಕಾಣಿ, ಇದು ನಂದೇ ಪೆಟ್ಟು. ಕೆಲಸ ಕಲಿವಾಗ ಹೊಡೆದದ್ದು. ಶಿರಾಡಿಯಲ್ಲಿ ಲಾರಿ ತಾಗಿಸಿಕೊಂಡು ಬಂದಿದ್ರು ನಿಮ್ಮ ಅಪ್ಪಯ್ಯ. ಮನೆಗೆ ಹೇಳ್ಬೇಡ ಅಂದಿದ್ರು, ನಾನು ಹೇಳಲಿಲ್ಲ."

ಮಧ್ಯಾಹ್ನ ಬುತ್ತಿ ತಂದ ಅಪ್ಪಯ್ಯ ಬಾಗಿಲಿನ ಮುಂದೆ ಸುಮಾರು ಹೊತ್ತು ನಿಂತರು. ಗುಂಡಿಯೊಳಗೆ ಅಂಗೈ ಇಟ್ಟು ನೋಡಿದ್ರು. "ಒಳಗೆ ನೀನು ಮಲಗಿದ್ದೆ, ಎರಡು ವರ್ಷ ನಿನಗೆ. ನಿನಗೆ ಎಚ್ಚರವೂ ಆಗಲಿಲ್ಲ" ಅಂದ್ರು. ನಾನು ಏನೂ ಹೇಳಲಿಲ್ಲ. ಮತ್ತೆ ಪುಟ್ಟಿ ಹಾಕಿ ಮುಚ್ಚುವುದಾ ಅಂತ ಟಿಂಕರ್ ಅಣ್ಣ ಕೇಳಿದ್ರು. "ಬೇಡ. ಸರಿಯಾಗಿ ಹೊಡೆದು ಎಬ್ಬಿಸಿ" ಅಂದ್ರು ಅಪ್ಪಯ್ಯ.

ಅದಕ್ಕೆ ಎರಡು ದಿನದ ಸಂಬಳ ಹೆಚ್ಚಾಯ್ತು. ಇಲ್ಲಿವರೆಗೆ ರಿಮೂವರ್, ಪೇಪರ್, ಡಿಸ್ಕ್, ಪ್ರೈಮರ್, ಬ್ಲಾಸ್ಟಿಂಗ್, ಸಂಬಳ ಎಲ್ಲ ಸೇರಿ 23 ಸಾವಿರ ಚಿಲ್ಲರೆ, ನನ್ನ ರೈಲು ಚಾರ್ಜ್ ಬಿಟ್ಟು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ತಾವಾಗೇ ಅಮ್ಮನಿಗೆ ಹೇಳಿದ್ರು. ಅಮ್ಮ ಸಾರು ಬಡಿಸುತ್ತಾ, "ಗೊತ್ತಿತ್ತು. ಆ ಬಾಗಿಲು ಹಾಕುವ ಸದ್ದೇ ಬದಲಾಗಿತ್ತಲ್ಲ" ಅಂದ್ರು.

ಡಿಕ್ಕಿ ಇನ್ನೂ ಬಾಕಿ. ಕ್ಯಾನ್‌ನಲ್ಲಿ ಒಂದು ಲೀಟರ್ ಕಾಕಂಬಿ ಉಳಿದಿದೆ. ಮಳೆಗಾಲದ ಮೊದಲು ಮುಗಿಸಬೇಕು.