ಬೇಕೆಂದೇ ಬಿಟ್ಟ ಸೋರಿಕೆ

ಅಜ್ಜಂಪುರದ ಈರುಳ್ಳಿ ಹೊಲದಂಚಿನಲ್ಲಿ, ತರೀಕೆರೆಯ ಅಡಿಕೆ ತೋಟದ ಬದಿಯಲ್ಲಿ ಗುಂಯ್‌ಗುಡುವ ಟಿಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ, ಒಂದು ಸೋರಿಕೆಯಿದೆ. ಎಣ್ಣೆಯದಲ್ಲ, ಕಾಂತರೇಖೆಗಳದು. ಒಂದು ಸುರುಳಿಯಿಂದ ಹೊರಟ ಕೆಲವು ರೇಖೆಗಳು ಇನ್ನೊಂದನ್ನು ಮುಟ್ಟುವುದೇ ಇಲ್ಲ. ತಂತಿ ತಾಗಿ ಶಾರ್ಟ್ ಆದಾಗ ಪ್ರವಾಹಕ್ಕೆ ಕಡಿವಾಣ ಹಾಕುವುದರಲ್ಲಿ ದೊಡ್ಡ ಪಾಲು ಇದರದ್ದೇ.

ಕಡೂರಿನ ರಿಪೇರಿ ಅಂಗಡಿಯ ಮೇಜಿಗೆ ಬರುವ ಎಷ್ಟೋ ಟಿವಿಗಳ ಪವರ್ ಬೋರ್ಡಿನಲ್ಲಂತೂ ಇದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಎಲ್‌ಎಲ್‌ಸಿ ಎಂಬ ಅನುರಣನ ಸರ್ಕ್ಯೂಟಿನ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ಪುಟ್ಟ ಪ್ಲಾಸ್ಟಿಕ್ ಗೋಡೆ. 100 ಮೈಕ್ರೋಹೆನ್ರಿ ಸೋರಿಕೆ ಇಂಡಕ್ಟನ್ಸ್‌ಗೆ 25 ನ್ಯಾನೊಫ್ಯಾರಡ್ ಕೆಪಾಸಿಟರ್ ಜೊತೆಯಾದರೆ ಸೆಕೆಂಡಿಗೆ ಸುಮಾರು 1 ಲಕ್ಷ ಸಲ ಅನುರಣನ!

ಹಾಗಾಗಿ ರಿವೈಂಡ್ ಮಾಡುವಾಗ ಸುತ್ತು ಎಣಿಸಿದರೆ ಸಾಲದು. ಗೋಡೆ ಸರಿದರೆ ಲೆಕ್ಕವೇ ತಪ್ಪುತ್ತದೆ. ಸೆಕೆಂಡರಿಯ ತುದಿಗಳನ್ನು ಜೋಡಿಸಿ, ಪ್ರೈಮರಿಗೆ ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಹಚ್ಚಬೇಕು: ಪರದೆಯ ಮೇಲೆ ಬರುವುದೇ ಆ ಸೋರಿಕೆ.