1953: ನಮ್ಮ ಸೀಮೆಯ ಒಂದು ವರ್ಷ



1953ನೆಯ ಇಸವಿಯ ಮುಖ್ಯ ಘಟನೆಗಳು ಯಾವುವೆಂದು ಕೇಳಿದರೆ, ಓದಿದವರು ಥಟ್ಟನೆ ಹೇಳಿಬಿಡುತ್ತಾರೆ. ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದರು. ಆಗಸ್ಟ್‌ನಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡವು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. ಕಪ್ಪುಹಲಗೆಯ ಮೇಲೆ ನಾನೂ ಎಷ್ಟೋ ವರ್ಷ ಇದನ್ನೇ ಬರೆದವನು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಿರಿಯರಿಗೆ ಆ ವರ್ಷವೆಂದರೆ ಎರಡೇ ಸಂಗತಿ: ಮೈಸೂರಿಗೆ ಸೇರಿದ್ದು, ಹೊಳೆಗೆ ಅಣೆಕಟ್ಟು ಕಟ್ಟಿದ್ದು.

ಅಲ್ಲಿಯವರೆಗೆ ನಾವು ಮದರಾಸು ಆಡಳಿತದವರು. ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್‌ನಲ್ಲಿ ಉಪವಾಸದಿಂದ ಪ್ರಾಣಬಿಟ್ಟ ಮೇಲೆ ಆಂಧ್ರ ರಾಜ್ಯ ನಿಶ್ಚಯವಾಯಿತು. ಅದರೊಂದಿಗೆ ಬಳ್ಳಾರಿ ಜಿಲ್ಲೆಯ ಪ್ರಶ್ನೆಯೂ ಎದ್ದಿತು. ಬಳ್ಳಾರಿ ತಾಲ್ಲೂಕು ಯಾರದೆಂಬುದರ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ನಡೆಸಿದರು. ಕೊನೆಗೆ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿಯೊಂದಿಗೆ ನಮ್ಮ ತಾಲ್ಲೂಕುಗಳು ಮೈಸೂರಿಗೆ ಬಂದವು. ಸಂಭ್ರಮದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಅವರು ಬಳ್ಳಾರಿಯಲ್ಲಿ ದಾಳಿಗೆ ಸಿಕ್ಕಿ ಹುತಾತ್ಮರಾದರು. ಆ ಹೆಸರನ್ನು ಮಕ್ಕಳಿಗೆ ಹೇಳದೆ ನಾನು ಏಕೀಕರಣದ ಪಾಠ ಮುಗಿಸುತ್ತಿರಲಿಲ್ಲ.

ನನಗಾಗ ಏಳು ವರ್ಷ. ಅಪ್ಪ ಬೆಲ್ಲ ಹಂಚಿದ್ದು ನೆನಪಿದೆ. ಆದರೆ ನನ್ನ ಸೋದರತ್ತೆಯನ್ನು ಕೊಟ್ಟದ್ದು ರಾಯದುರ್ಗದ ಕಡೆಗೆ. ಅಜ್ಜಿ ಬೆಲ್ಲವನ್ನು ಕೈಯಲ್ಲಿ ಹಿಡಿದುಕೊಂಡೇ, "ನಾವು ಮೈಸೂರಾಗ ಬಂದ್ವಿ, ಸರಿ. ನನ್ನ ಮಗಳು ಯಾವ ಸೀಮ್ಯಾಗ ಉಳಿದ್ಲು?" ಎಂದು ಕೇಳಿದಳಂತೆ. ಅತ್ತೆಯ ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಮೊಮ್ಮಕ್ಕಳು ಓದಿದ್ದು ಮಾತ್ರ ತೆಲುಗಿನಲ್ಲಿ.

ಅದೇ ವರ್ಷ ತುಂಗಭದ್ರೆಯ ಕಾಲುವೆಗೆ ನೀರು ಹರಿಯಿತು. ಹೊಸಪೇಟೆ, ಸಿರುಗುಪ್ಪದ ಕಡೆ ಭತ್ತದ ಗದ್ದೆಗಳಾದವು. ಹಿನ್ನೀರು ಹರಡಿದ್ದು ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಗೆ. ಅವ್ವನ ತವರೂರು ಅದರಲ್ಲಿ ಮುಳುಗಿತು. ಹೊಳೆಯಂಚಿನ ಎರೆಹೊಲ ಬಿಟ್ಟವರು ಬೇರೆಡೆ ಹೊಸ ಮನೆ ಹೂಡಿದರು. ಎತ್ತರದಲ್ಲಿದ್ದ ಕೂಡ್ಲಿಗಿ, ಕೊಟ್ಟೂರುಗಳಿಗಂತೂ ಆ ಕಾಲುವೆ ಬರಲೇ ಇಲ್ಲ. ಅಲ್ಲಿಯ ರೈತ ಮೋಡ ನೋಡುವುದು ತಪ್ಪಲಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಹಳೆಯ ಗುಡಿಯ ಕಲ್ಲುಗಳು ಕಾಣುತ್ತಿದ್ದವು. ಅವ್ವ ದಡದಲ್ಲಿ ನಿಂತು ಕೈಮುಗಿಯುತ್ತಿದ್ದಳು, ಏನೂ ಮಾತನಾಡುತ್ತಿರಲಿಲ್ಲ.

ಅಲ್ಲಿಂದೀಚೆಗೆ ಗಡಿಗಳು ಸರಿಯುತ್ತಲೇ ಇವೆ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಬಂದಿತು. ಆ ಊರಿನ ವೃದ್ಧರೊಬ್ಬರು ಮನೆಯ ಹೊಸ್ತಿಲು ಬದಲಿಸದೆಯೇ ಎರಡು ರಾಜ್ಯ, ಮೂರು ಜಿಲ್ಲೆ ಕಂಡಿರಬಹುದು.

ಏಕೀಕರಣ ಬೇಡವಾಗಿತ್ತೆಂದಾಗಲೀ ಅಣೆಕಟ್ಟು ತಪ್ಪೆಂದಾಗಲೀ ನಾನು ಹೇಳುತ್ತಿಲ್ಲ. ಕಚೇರಿಯ ಕಾಗದ ಮಾತೃಭಾಷೆಯಲ್ಲಿ ಬರುವುದು ಸಣ್ಣ ಭಾಗ್ಯವಲ್ಲ. ಆ ನೀರು ಲಕ್ಷಾಂತರ ಮಂದಿಗೆ ಅನ್ನ ಕೊಟ್ಟಿದೆ. ಆದರೆ ಅದಕ್ಕೆ ಬೆಲೆ ತೆತ್ತವರ ಲೆಕ್ಕವೂ ಚರಿತ್ರೆಯೇ. ನಿಮ್ಮ ಮನೆಗಳಲ್ಲಿ ಆ ವರ್ಷವನ್ನು ಕಂಡವರು ಇನ್ನೂ ಒಬ್ಬಿಬ್ಬರು ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಅವರ ಬಳಿ ಕುಳಿತು ಕೇಳಿ, ಬರೆದಿಡಿ.